ಕಾಚಂಪುಳಿಯಲ್ಲಿ ತೊಳೆದ ಪಿಸ್ತೂಲು

ದೀಕ್ಷಾ, ಲಿಖಿತ್,

ನಿಮ್ಮ ಹಳೆಯ ಹಲ್ಲುಜ್ಜುವ ಬ್ರಷ್ಷುಗಳು ಬಚ್ಚಲಿನಿಂದ ಎಲ್ಲಿ ಮಾಯವಾಗುತ್ತವೆ ಎಂದು ನೀವಿಬ್ಬರೂ ಎಷ್ಟೋ ಸಲ ಕೇಳಿದ್ದೀರಿ. ಹೋದ ತಿಂಗಳು ಲಿಖಿತ್, "ಅಜ್ಜಿ, ನನ್ನ ಬ್ರಷ್ ಇನ್ನೂ ಹೊಸದಿತ್ತು, ಅದಕ್ಕೂ ಕಾಲು ಬಂತಾ?" ಎಂದು ಕೇಳಿದಾಗ ನಾನು ಏನೂ ಗೊತ್ತಿಲ್ಲದವಳ ಹಾಗೆ ಕೆಸುವಿನ ಸೊಪ್ಪು ಸೋಸುತ್ತಾ ಕುಳಿತಿದ್ದೆ. ಈಗ ಒಪ್ಪಿಕೊಳ್ಳುತ್ತೇನೆ. ಅವನ್ನು ಕದಿಯುವವಳು ನಾನೇ. ಮೆದುಕೂದಲಿನ ಬ್ರಷ್ ಸಿಕ್ಕರೆ ನನಗೆ ಹಬ್ಬ. ಅದು ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ಎಣ್ಣೆಯ ಸೀಸೆ, ವಾಯಿಲ್ ಸೀರೆಯ ಚೂರುಗಳ ಜೊತೆ ಸೇರಿಕೊಳ್ಳುತ್ತದೆ. ಭಾನುವಾರ ನೀವೆಲ್ಲ ಊಟ ಮುಗಿಸಿ ಮಲಗಿದ ಮೇಲೆ ನಾನು ಹಜಾರದ ಕಿಟಕಿಯ ಬಳಿ ಪೇಪರ್ ಹಾಸಿಕೊಂಡು ನಿಮ್ಮಜ್ಜನ ಪಿಸ್ತೂಲುಗಳ ಸಂದಿಗೊಂದಿಗಳನ್ನು ನಿಮ್ಮ ಬ್ರಷ್ಷಿನಿಂದ ಉಜ್ಜುತ್ತೇನೆ.

ಪಿಸ್ತೂಲು ಎಂದು ಬರೆದೆ. ನಿಮ್ಮಜ್ಜ ಇದ್ದಿದ್ದರೆ ಇಲ್ಲಿಯೇ ತಡೆಯುತ್ತಿದ್ದರು. "ಎಲ್ಲದ್ಕೂ ಪಿಸ್ತೂಲ್ ಹೇಳ್ಬೊಡ ಜಾನಕಿ. ತಿರುಗುದು ರಿವಾಲ್ವರ್, ತಿರುಗದ್ದ್ ಪಿಸ್ತೂಲ್." ನಲವತ್ತೈದು ವರ್ಷ ಹೇಳಿದರು. ನನಗೆ ಅದು ತಿರುಗಿದರೂ ಪಿಸ್ತೂಲೇ, ತಿರುಗದಿದ್ದರೂ ಪಿಸ್ತೂಲೇ. ಮೂರು ಇದ್ದವು. ಮೂರೂ ಹಿಂದಿನ ಯುದ್ಧಗಳಲ್ಲಿ ಯಾರದೋ ಸೊಂಟದಲ್ಲಿ ತಿರುಗಾಡಿ ದಣಿದು ಬಂದಂಥವು. ನಮ್ಮ ಮನೆಯಲ್ಲಿ ಅವು ಒಂದು ಸಲವೂ ಸಿಡಿದದ್ದಿಲ್ಲ. ಅವಕ್ಕೆ ಹೊಂದುವ ಗುಂಡು ಮನೆಯಲ್ಲಿ ಒಂದೂ ಇರಲಿಲ್ಲ. ನಿಮ್ಮಪ್ಪ ಹುಟ್ಟಿದಾಗ ಅಂಗಳದಲ್ಲಿ ಹಾರಿಸಿದ್ದು ತೋಟದ ಕೋವಿಯನ್ನು. ದೀಕ್ಷಾ ಹುಟ್ಟಿದಾಗ ಗಂಡುಮಕ್ಕಳಿಗೆ ಮಾತ್ರ ಎನ್ನುವ ಕ್ರಮ ಬಿಟ್ಟು ನಿಮ್ಮಪ್ಪ ಹಾರಿಸಿದ್ದೂ ಅದನ್ನೇ. ಪಿಸ್ತೂಲುಗಳಿಗೆ ಕೆಲಸವೇ ಇರಲಿಲ್ಲ. ಪಿಂಚಣಿ ಬಂದ ಮೇಲೆ ನಿಮ್ಮಜ್ಜನಿಗೂ ಅಷ್ಟೊಂದು ಕೆಲಸ ಇರಲಿಲ್ಲವಾದ್ದರಿಂದ ಇಬ್ಬರಿಗೂ ಒಳ್ಳೆಯ ಜೊತೆಯಾಗಿತ್ತು.

ಅಜ್ಜ ಹೋಗಿ ವರ್ಷ ತುಂಬುವ ಹೊತ್ತಿಗೆ ಆ ಮೂರನ್ನು ನಿಮ್ಮಪ್ಪನ ಹೆಸರಿಗೆ ಮಾಡಿಸುವ ಮಾತು ಬಂತು. ಮಡಿಕೇರಿಗೆ ಹೋಗಿ ಕೇಳಿಕೊಂಡು ಬಂದ ನಿಮ್ಮಪ್ಪ ಚಪ್ಪಲಿ ಬಿಡುವ ಮೊದಲೇ ಹೇಳಿದ: "ಅವ್ವ, ಈಗ ಒಬ್ಬರ ಹೆಸರಲ್ಲಿ ಎರಡೇ ಇರಕ್ಕಂತೆ, ತೋಟದ ಕೋವಿ ಬೇರೆ. ಒಂದನ್ನ ಕೊಡೊಕು." ನಾನು "ಹಾಂ" ಎಂದೆ, ಕಾಫಿ ಕೊಟ್ಟೆ. ಯಾವುದನ್ನು ಎಂದು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಮೂರರಲ್ಲಿ ಎರಡು ಕಪ್ಪಗೆ, ಗಂಭೀರವಾಗಿ, ಹುಟ್ಟಿದ ಬಣ್ಣದಲ್ಲೇ ಇದ್ದವು. ಒಂದು ಮಾತ್ರ ಬೋಳಿಸಿದ ಕೋಳಿಯ ಹಾಗೆ ಬಿಳಿಚಿಕೊಂಡಿತ್ತು. ಅದನ್ನು ಯಾರು ಇಟ್ಟುಕೊಳ್ಳುತ್ತಾರೆ? ನನಗೋ ಆ ಬಿಳಿಚಿದ್ದೇ ಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು, ಅಷ್ಟೇ. ಬಾಯಿಬಿಡುವುದು ನನಗೆ ಯಾವತ್ತೂ ಬಾರದ ಕೆಲಸ ಎಂದು ನಿಮಗೆ ಗೊತ್ತು. ಮದುವೆ ಮನೆಗಳಲ್ಲಿ ಎರಡನೇ ಸಲ ಪಾಯಸ ಕೇಳಲು ನಾಚಿಕೆಪಟ್ಟು ಎದ್ದು ಬಂದವಳು ನಾನು.

ಅದು ಬಿಳಿಚಿಕೊಂಡದ್ದು ಹೇಗೆ ಎನ್ನುವುದಕ್ಕೆ ನನ್ನ ಶಾಲೆಯಿಂದ ಶುರುಮಾಡಬೇಕು.

ನಾಪೋಕ್ಲಿನಿಂದ ಎರಡು ಮೈಲಿ ಒಳಗೆ, ಗದ್ದೆ ಬದುವಿನ ಮೇಲೆ ನಡೆದು ಹೋಗಬೇಕಾದ ಶಾಲೆ ನಮ್ಮದು. ಏಳನೆಯ ತರಗತಿಯವರೆಗೆ ಇಬ್ಬರೇ ಮೇಷ್ಟ್ರು. ಲೆಕ್ಕದಲ್ಲಿ ನಾನು ಹಿಂದೆ, ಪದ್ಯ ಹೇಳಲು ನಿಲ್ಲಿಸಿದರೆ ಗಂಟಲು ಕಟ್ಟುತ್ತಿತ್ತು. ಆದರೆ ಶಾಲೆಯಲ್ಲಿ ಒಂದು ಹಿತ್ತಾಳೆಯ ಗಂಟೆ ಇತ್ತು. ಶನಿವಾರ ಅದನ್ನು ತೊಳೆಯುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂತು. ನಾನು ಅವ್ವನ ಹತ್ತಿರ ಪಣಂಪುಳಿ ಹಣ್ಣಿನ ಹುಳಿ ಸಿಪ್ಪೆ, ಒಲೆಯ ಬೂದಿ ಇಸಿದುಕೊಂಡು ಹೋಗಿ ಉಜ್ಜಿದೆ. ಸೋಮವಾರ ದೊಡ್ಡ ಮೇಷ್ಟ್ರು ಗಂಟೆಯ ಮುಂದೆ ನಿಂತು ಅದರಲ್ಲಿ ತಮ್ಮ ಮುಖ ನೋಡಿ ಮೀಸೆ ಸರಿಮಾಡಿಕೊಂಡರು. "ಯಾರು ತೊಳೆದದ್ದು ಇದನ್ನ? ಜಾನಕಿಯೋ? ಈ ಹುಡುಗಿಯ ಕೈಗೆ ಸಿಕ್ಕಿದ್ದು ಹೊಳೆಯದೆ ಉಳಿಯಲಿಕ್ಕಿಲ್ಲ" ಎಂದರು. ಏಳು ವರ್ಷದ ಶಾಲೆಯಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಒಂದೇ ಆದ್ದರಿಂದ ಅದನ್ನು ತುಂಬಾ ನಂಬಿಬಿಟ್ಟೆ.

ಗಾಳಿಬೀಡಿಗೆ ಸೊಸೆಯಾಗಿ ಬಂದ ವರ್ಷ ನಿಮ್ಮಜ್ಜ ಸೈನ್ಯದಲ್ಲಿದ್ದರು. ಮದುವೆಗೆ ಬಂದವರು ಹದಿನೆಂಟು ದಿನ ಇದ್ದು ಹೊರಟರು. ಆ ಹದಿನೆಂಟು ದಿನದಲ್ಲಿ ನಾವಿಬ್ಬರೂ ಆಡಿದ ಮಾತನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು. ಅವರೂ ನನ್ನ ಹಾಗೆಯೇ. ಅತ್ತೆ, ಮೈದುನರು, ನಾದಿನಿಯರು ತುಂಬಿದ ಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕುಳಿತು ಮಾತಾಡುವ ಪದ್ಧತಿಯೂ ಇರಲಿಲ್ಲ. ಹೊರಡುವ ದಿನ ಅವರು ಒಂದೇ ಮಾತು ಹೇಳಿದರು: "ಪೆಟ್ಟಿಗೆಲಿ ಅಪ್ಪನ ರಿವಾಲ್ವರ್ ಉಟ್ಟು. ನೋಡಿಕಣ್." ತಮ್ಮ ಅಮ್ಮನನ್ನು ನೋಡಿಕೋ ಎನ್ನಲಿಲ್ಲ, ಕಾಗದ ಬರೆ ಎನ್ನಲಿಲ್ಲ. ಇಂಥ ಗಂಡ ಸಿಕ್ಕಿದನಲ್ಲ ಎಂದು ನಾನು ದನದ ಹಟ್ಟಿಯ ಹಿಂದೆ ನಿಂತು ಸ್ವಲ್ಪ ಅತ್ತೆ.

ಆ ಪಿಸ್ತೂಲಿನ ಕಥೆ ಆಮೇಲೆ ತಿಳಿಯಿತು. ನಾನು ಬರುವ ಮೊದಲೇ ತೀರಿಕೊಂಡಿದ್ದ ಮಾವ ಪಾಲಿಬೆಟ್ಟದ ಕಡೆಯ ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅಲ್ಲಿನ ಬಿಳಿ ದೊರೆ ತರುಣನಾಗಿದ್ದಾಗ ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದವನಂತೆ. ತೋಟ ಮಾರಿ ಊರಿಗೆ ಹಡಗು ಹತ್ತುವಾಗ ಸೊಂಟದ ಪಿಸ್ತೂಲನ್ನು ಮಾವನ ಕೈಗಿತ್ತು ಕಾಗದಪತ್ರ ಮಾಡಿಸಿಕೊಟ್ಟು ಹೋದ. ಮಧ್ಯಕ್ಕೆ ಮುರಿದು ಬಾಗುವಂಥದು, ಹಿಡಿಯ ತುದಿಗೆ ಒಂದು ಬಳೆ. ಮೈಯೆಲ್ಲ ಕುನ್ನೇರಳೆ ಹಣ್ಣಿನ ಬಣ್ಣ. ಬಿಸಿಲಿಗೆ ಹಿಡಿದರೆ ಕಪ್ಪಿನೊಳಗಿಂದ ನೀಲಿ ಕಾಣುತ್ತಿತ್ತಂತೆ. ನಿಮ್ಮಜ್ಜ ಆರು ವರ್ಷದ ಹುಡುಗನಾಗಿ ಆ ನೀಲಿಯನ್ನು ನೋಡಿದವರು. ಮುಂದೆ ಸೈನ್ಯ ಸೇರಿದ್ದು, ಹಳೆ ಪಿಸ್ತೂಲುಗಳ ಹುಚ್ಚು ಹಿಡಿಸಿಕೊಂಡದ್ದು ಎಲ್ಲವೂ ಅಲ್ಲಿಂದಲೇ.

ಆ ನೀಲಿಯನ್ನು ಕೊನೆಯದಾಗಿ ನೋಡಿದವಳು ನಾನು. ಆಗ ಅದು ನೀಲಿ ಎಂದು ನನಗೆ ಗೊತ್ತಿರಲಿಲ್ಲ. ಕೊಳೆ ಎಂದುಕೊಂಡೆ.

ಕೈಲ್ ಮುಹೂರ್ತ ಬಂತು. ನಾಟಿ ಮುಗಿದು ಆಯುಧಗಳನ್ನೆಲ್ಲ ತೊಳೆದು ಪೂಜೆಗಿಟ್ಟು ಕೋವಿಯ ನಳಿಗೆಗೆ ಹೂ ಸಿಕ್ಕಿಸುವ ಹಬ್ಬ. ಈಗಲೂ ನೀವೇ ಬೇಲಿಯಿಂದ ಹೂ ತರುತ್ತೀರಲ್ಲ. ಹಬ್ಬದ ಹಿಂದಿನ ದಿನ ಅತ್ತೆ ಒಲೆಯ ಮುಂದಿನಿಂದಲೇ ಕೂಗಿದರು: "ಏ ಗೂಡೆ, ಕತ್ತಿ, ಕೋವಿ ಎಲ್ಲಾ ತೊಳ್ದ್ ಇಡೊಕು. ಪೆಟ್ಟಿಗೆಲಿ ಇರುದ್ನೂ ಮರಿಬೊಡ." ಪೆಟ್ಟಿಗೆಯಲ್ಲಿರುವುದು! ಗಂಡ ನೋಡಿಕೋ ಎಂದು ಒಪ್ಪಿಸಿ ಹೋದದ್ದು. ಗಂಟೆಯಲ್ಲಿ ಮೇಷ್ಟ್ರ ಮುಖ ಕಾಣಿಸಿದ ಕೈ ನನ್ನದು. ಕತ್ತಿಗಳಿಗೆ ಬೂದಿ ಸಾಕು ಎಂದುಕೊಂಡೆ. ಪಿಸ್ತೂಲಿಗೆ ಮಾತ್ರ ಹೆಚ್ಚಿನ ಉಪಚಾರವಾಗಬೇಕು. ಪಣಂಪುಳಿ ಸಿಪ್ಪೆ ಹಾಕಿ ಉಜ್ಜಿದೆ. ಆ ಕಪ್ಪು ಕದಲಲಿಲ್ಲ. ಹಾಗಾದರೆ ಇದು ಬಲವಾದ ಕೊಳೆ. ಅಟ್ಟದ ಮೇಲೆ ಭರಣಿಯಲ್ಲಿ ಕಾಚಂಪುಳಿ ಇತ್ತು. ಹಂದಿ ಸಾರಿಗೆ ಎರಡು ಹನಿ ಬಿಟ್ಟರೆ ಪಾತ್ರೆ ತುಂಬಾ ಹುಳಿಯಾಗುತ್ತದಲ್ಲ, ಕುದಿಸಿ ಕುದಿಸಿ ಕೀಲೆಣ್ಣೆಯಂತಾದ ಆ ಹುಳಿ. ಅದನ್ನು ಸೌಟಿನಲ್ಲಿ ತೆಗೆದು ಪಿಸ್ತೂಲಿಗೆ ಬಳಿದು ಮಧ್ಯಾಹ್ನದವರೆಗೆ ಬಿಟ್ಟೆ. ಆಮೇಲೆ ತೆಂಗಿನ ನಾರು, ಬೂದಿ.

ಮಕ್ಕಳೇ, ಎಂಥ ಹೊಳಪು ಅಂತೀರಿ! ಮದುಮಗಳ ಕಾಲುಂಗುರದ ಹಾಗೆ. ಹಿಡಿಯ ತುದಿಯ ಬಳೆ ಕೊರಳಿಗೆ ಹಾಕುವ ದಾರ ಕಟ್ಟಲು ಎಂದು ನನಗೆ ಯಾರು ಹೇಳಿದ್ದರು? ತೂಗುಹಾಕಲು ಎಂದುಕೊಂಡು ಅಡುಗೆಮನೆಯಲ್ಲಿ ಸೌಟು, ಜಾಲರಿ ಸಾಲಿನ ಮೊಳೆಗೆ ಅದನ್ನೂ ಒಣಗಲು ನೇತುಹಾಕಿದೆ. ಅತ್ತೆ ಬಂದು ನೋಡಿ, "ಒಳ್ಳೆ ಕೆಲಸ ಮಾಡ್ದ ಗೂಡೆ" ಎಂದರು. ಪೂಜೆಯಲ್ಲಿ ಅದೇ ಎಲ್ಲಕ್ಕಿಂತ ಚೆಂದ ಕಂಡಿತು. ಕೆಂಪು ಹಳದಿ ಹೂ ಸಿಕ್ಕಿಸಿಕೊಂಡು ಬೆಳ್ಳಿಯ ಹಾಗೆ ಕುಳಿತಿತ್ತು.

ಹಬ್ಬ ಕಳೆದು ಮೂರನೇ ದಿನ ಯಾರಿಗೂ ಹೇಳದೆ ರಜೆಯಲ್ಲಿ ನಿಮ್ಮಜ್ಜ ಬಂದರು. ಟ್ರಂಕು ಇಳಿಸಿ, ಮುಖ ತೊಳೆದು, ಎಲ್ಲರನ್ನೂ ಮಾತಾಡಿಸಿ, ಪೆಟ್ಟಿಗೆ ತೆರೆದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊಗಳಿಕೆ ಕೇಳಲು. ಅವರು ಪಿಸ್ತೂಲನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಮೂಗಿಗೆ ಹಿಡಿದರು.

"ಇದ್ಕೆ ಎಂತ ಹಾಕ್ದ?"

"ಕಾಚಂಪುಳಿ" ಎಂದೆ ಸಂತೋಷವಾಗಿ.

ಅವರು ಪಿಸ್ತೂಲನ್ನು ಮೆತ್ತಗೆ ಪೆಟ್ಟಿಗೆಯಲ್ಲಿಟ್ಟು ಹೊರಗೆ ಹೋಗಿ ಹಟ್ಟಿಯ ಮೆಟ್ಟಿಲ ಮೇಲೆ ಕುಳಿತರು. ಬೈಯಲಿಲ್ಲ. ನಾಲ್ಕು ದಿನ ಆ ವಿಷಯವೇ ಎತ್ತಲಿಲ್ಲ. ನಾನು ಮಾಡಿದ್ದು ಏನೋ ದೊಡ್ಡ ತಪ್ಪು ಎಂದು ಎರಡನೇ ದಿನಕ್ಕೆ ಅರ್ಥವಾಯಿತು. ಏನು ತಪ್ಪು ಎಂದು ಮಾತ್ರ ಗೊತ್ತಾಗಲಿಲ್ಲ. ಹೊಳೆಯುವಂತೆ ತೊಳೆದರೆ ಕೆಡುವ ವಸ್ತು ಪ್ರಪಂಚದಲ್ಲಿ ಇದೆಯೆಂದು ನಾನು ಕೇಳಿರಲಿಲ್ಲ. ಐದನೇ ದಿನ ಮಧ್ಯಾಹ್ನ ಅತ್ತೆ ಗದ್ದೆಗೆ ಹೋಗಿದ್ದಾಗ ಅವರು ಹಜಾರದಲ್ಲಿ ಪೇಪರ್ ಹಾಸಿ ಕುಳಿತು, "ಜಾನಕಿ, ಇಲ್ಲಿ ಬಾ. ಕೂರ್. ಹೆಂಗೆ ಒರ್ಸುದು ಹೇಳಿ ಕೊಟ್ಟನೆ" ಎಂದರು.

ನನ್ನ ಹೆಸರು ಹಿಡಿದು ಅವರು ಕರೆದದ್ದು ಅದೇ ಮೊದಲು.

ಒಣಗಿದ ಮೆತ್ತನೆಯ ಬಟ್ಟೆ ಬೇಕು. ಎಣ್ಣೆ ಒಂದೇ ಹನಿ, ಅದೂ ಬಟ್ಟೆಗೆ, ಲೋಹಕ್ಕಲ್ಲ. ಬೆರಳಿನ ಬೆವರು ತಾಗಬಾರದು. ಸಂದಿಗೆ ಬ್ರಷ್. ಆಗ ಹಲ್ಲಿಗೆ ಬ್ರಷ್ ಉಪಯೋಗಿಸುವವರು ಮನೆಯಲ್ಲಿ ಅವರೊಬ್ಬರೇ. ಆದ್ದರಿಂದ ಪಿಸ್ತೂಲಿಗೂ ಅವರಿಗೂ ಒಂದೇ ಕಂಪೆನಿಯ ಬ್ರಷ್. ಒರೆಸುತ್ತಾ ಒರೆಸುತ್ತಾ ಅವರು ಕುನ್ನೇರಳೆ ಬಣ್ಣದ ಕಥೆ ಹೇಳಿದರು. ದೊರೆಯ ಕಥೆ ಹೇಳಿದರು. ನನಗೆ ಅಳು ಬಂತು. ಅವರು ಗಾಬರಿಯಾಗಿ, "ಅಳ್ಬೊಡ, ಉಪ್ಪು ನೀರ್ ಬಿದ್ದರೆ ತುಕ್ಕು ಹಿಡ್ದದೆ" ಎಂದರು. ಅಳುವವಳನ್ನು ಹೀಗೂ ಸಮಾಧಾನ ಮಾಡುತ್ತಾರೆಯೇ ಎಂದು ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಒಂದು ಗಂಟೆ ಕುಳಿತಿದ್ದೆವು. ಮದುವೆಯಾಗಿ ಏಳು ತಿಂಗಳಿಗೆ ಗಂಡ ಹೆಂಡತಿ ಒಂದು ಗಂಟೆ ಕುಳಿತು ಮಾತಾಡಿದ ಹಾಗಾಯಿತು. ಅತ್ತೆ ಗದ್ದೆಯಿಂದ ಬಂದು ನೋಡಿದರೂ ಏನೂ ಹೇಳುವ ಹಾಗಿರಲಿಲ್ಲ. ಕೆಲಸ ಮಾಡುತ್ತಿದ್ದೆವಲ್ಲ!

ಅಲ್ಲಿಂದ ಅದೇ ಅಭ್ಯಾಸವಾಯಿತು. ಕೈಯಲ್ಲಿ ಏನಾದರೂ ಇದ್ದರೆ ನಮ್ಮಿಬ್ಬರಿಗೂ ಮಾತು ಬರುತ್ತದೆ, ಖಾಲಿ ಕೈಯಲ್ಲಿ ಬರುವುದಿಲ್ಲ ಎನ್ನುವುದು ಗೊತ್ತಾಯಿತು. ಗಡಿಯ ಹಿಮದಲ್ಲಿ ಅವರ ಜೊತೆಯವನೊಬ್ಬ ಹೆಪ್ಪುಗಟ್ಟಿ ಸತ್ತದ್ದನ್ನು ಅವರು ಹೇಳಿದ್ದು ಪಿಸ್ತೂಲಿನ ಉರುಳೆ ಒರೆಸುವಾಗ. ನಿಮ್ಮಪ್ಪ ಹೊಟ್ಟೆಯಲ್ಲಿದ್ದಾನೆ ಎಂದು ನಾನು ಹೇಳಿದ್ದು ಅದರ ಹಿಡಿಗೆ ಎಣ್ಣೆ ಹಚ್ಚುವಾಗ. ಅವರು ತಲೆಯೆತ್ತದೆ ಇನ್ನೂ ಜೋರಾಗಿ ಒರೆಸಿದರು. ಕಿವಿ ಮಾತ್ರ ಕೆಂಪಾಗಿತ್ತು.

ಉಳಿದೆರಡು ಪಿಸ್ತೂಲುಗಳು ಪಿಂಚಣಿಯ ಕಾಲದ ಸಂಪಾದನೆ. ಅದಕ್ಕೆಲ್ಲ ಕಾರಣ ಪಾಲಿಬೆಟ್ಟದ ಕರ್ನಲ್. ನಿಮಗೆ ಅವರು ಚಾಕಲೇಟಿನ ತಾತ. ನನಗೆ ನಿಮ್ಮಜ್ಜನನ್ನು ಕೆಡಿಸಿದ ಮನುಷ್ಯ. ಇಬ್ಬರೂ ಸೇರಿ ಹಳೆ ಪಿಸ್ತೂಲು ನೋಡಲು ಹೋಗುವುದನ್ನು ನೋಡಬೇಕಿತ್ತು. ಹೆಣ್ಣು ನೋಡಲು ಹೋಗುವ ಹಾಗೆಯೇ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣು. ಹುಟ್ಟಿದ್ದು ಎಲ್ಲಿ, ಯಾರ ಕೈಯಲ್ಲಿ ಬೆಳೆದದ್ದು, ಮೈಮೇಲಿನ ನಂಬರುಗಳು ಒಂದಕ್ಕೊಂದು ಹೊಂದುತ್ತವೆಯೋ, ಹಿಡಿಯ ಮರ ಒರಿಜಿನಲ್ಲೋ ಎಂದು ವಿಚಾರಣೆ. ಚರ್ಮದ ಚೀಲವೂ ಜೊತೆಗೆ ಬಂದರೆ ಬಂಗಾರ ಹಾಕಿಕೊಂಡು ಬಂದ ಸೊಸೆಯಷ್ಟು ಸಂತೋಷ.

ನಾಪೋಕ್ಲಿನಲ್ಲಿ ಒಬ್ಬ ಮುದುಕ ಹವಾಲ್ದಾರರ ಬಳಿ ಉದ್ದ ಮೂಗಿನ ಜರ್ಮನ್ ಪಿಸ್ತೂಲು ಇತ್ತು. ಎರಡನೇ ಮಹಾಯುದ್ಧದಲ್ಲಿ ಮರುಭೂಮಿಯಿಂದ ತಂದದ್ದು. ನೋಡಲು ಹೋದರೆ ಕಾಫಿ ಕೊಡುತ್ತಿದ್ದರು, ಪಿಸ್ತೂಲನ್ನು ಮಡಿಲಲ್ಲಿಟ್ಟುಕೊಂಡು ತೋರಿಸುತ್ತಿದ್ದರು, ಕೈಗೆ ಕೊಡುತ್ತಿರಲಿಲ್ಲ. ಮೂರು ವರ್ಷ ಇವರಿಬ್ಬರೂ ಕಾಫಿ ಕುಡಿದದ್ದೇ ಬಂತು. ಕೊನೆಗೆ ಮುದುಕರು ಒಂದು ಷರತ್ತು ಹಾಕಿದರು: "ತಕ್ಕೊಂಡು ಹೋಗಿ. ಆದ್ರೆ ಕೈಲ್ ಮುಹೂರ್ತಕ್ಕೆ ಇದು ಇಲ್ಲೇ ಇರ್ಬೇಕು. ಹೂ ನಾನೇ ಇಡೋದು." ನಿಮ್ಮಜ್ಜ ಒಪ್ಪಿದರು. ಒಪ್ಪಿದ ಮೇಲೆ ತಪ್ಪಲಿಲ್ಲ. ಪ್ರತಿವರ್ಷ ಹಬ್ಬದ ಬೆಳಿಗ್ಗೆ ಕಾಗದಪತ್ರದ ಸಮೇತ ಅದನ್ನು ಬಟ್ಟೆಚೀಲದಲ್ಲಿಟ್ಟು, ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟು, ನಾಪೋಕ್ಲು ಬಸ್ಸು ಹತ್ತುತ್ತಿದ್ದರು. ಜೊತೆಗೆ ನಾನು, ಏಕೆಂದರೆ ಹಾಗೇ ತವರಿಗೆ ಹೋಗಿ ಬರಬಹುದಿತ್ತು. ಒಂದು ಸಲ ಬಸ್ಸಿನಲ್ಲಿ ಪಕ್ಕದ ಹೆಂಗಸು, "ಎಂಥ ಹಣ್ಣು ಅಕ್ಕ, ನೇಂದ್ರವಾ? ನೋಡುವಾ" ಎಂದು ಚೀಲಕ್ಕೇ ಕೈಹಾಕಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ನಿಮ್ಮಜ್ಜ ಅರ್ಧ ಚಿಪ್ಪು ಹಣ್ಣು ಮುರಿದು ಆಕೆಯ ಮಡಿಲಿಗೆ ಹಾಕಿ ಚೀಲ ತಮ್ಮ ತೊಡೆಗೆ ಎಳೆದುಕೊಂಡರು. ಮುದುಕರು ತೀರಿಕೊಳ್ಳುವವರೆಗೆ ಒಂಬತ್ತು ವರ್ಷ ಆ ಉದ್ದಮೂಗಿ ಹೀಗೆ ತವರಿಗೆ ಹೋಗಿ ಬಂತು, ನನ್ನ ಜೊತೆ.

ಮೂರನೆಯದು ಚಪ್ಪಟೆ ಮೈಯದು, ಕರ್ನಲ್ ಅವರೇ ಕೊಟ್ಟದ್ದು. ಅದಕ್ಕೆ ಬದಲಾಗಿ ನಮ್ಮ ಹೆಣ್ಣುನಾಯಿ ಹಾಕಿದ ಎರಡು ಒಳ್ಳೆಯ ಮರಿಗಳು ಹೋದವು. ನಾಯಿಮರಿ ಕೊಟ್ಟದ್ದಕ್ಕೆ ನಿಮ್ಮಪ್ಪ ಒಂದು ವಾರ ಊಟ ಬಿಟ್ಟಿದ್ದ ಎಂದು ಅವನಿಗೇ ನೆನಪಿಲ್ಲ, ಕೇಳಿ ನೋಡಿ.

ಕರ್ನಲ್ ನಮ್ಮ ಮನೆಗೆ ಮೊದಲ ಸಲ ಬಂದದ್ದನ್ನು ಹೇಳಲೇಬೇಕು. ಬಿಳಿಚಿದ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಅವರು ಕೂಗಿದ್ದು ಅಡುಗೆಮನೆಗೂ ಕೇಳಿಸಿತು. "ಅಯ್ಯಯ್ಯೋ! ಯಾರು ಮಾರಾಯ ಈ ಪಾಪ ಮಾಡಿದ್ದು? ಫಿನಿಶ್ ಎಲ್ಲಾ ಹೋಗಿದೆ! ಇಂಥ ಪೀಸನ್ನ ಹೀಗೆ ಕೊಂದವರನ್ನ ಸಾಲಾಗಿ ನಿಲ್ಲಿಸಿ ಹೊಡೀಬೇಕು!" ನಾನು ಕಡುಬಿನ ಪಾತ್ರೆಯ ಮುಂದೆ ಕಲ್ಲಿನಂತೆ ನಿಂತೆ. ಈಗ ಹೇಳುತ್ತಾರೆ, ಈಗ ನನ್ನ ಹೆಸರು ಬರುತ್ತದೆ ಎಂದು. ನಿಮ್ಮಜ್ಜ ಸಾವಧಾನವಾಗಿ, "ಅದು ಸಮುದ್ರದ ಗಾಳಿ ಸಾರ್. ದೊರೆ ಹಡಗಲ್ಲಿ ತಂದದ್ದಲ್ಲಾ, ಉಪ್ಪು ಹೊಡ್ದಿದೆ" ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ. ಸಮುದ್ರದ ಉಪ್ಪು ಪಿಸ್ತೂಲಿಗೆ ಹೊಡೆದರೆ ತುಕ್ಕು ಹಿಡಿಯುತ್ತದೆಯೇ ಹೊರತು ಬೆಳ್ಳಿಯಾಗುವುದಿಲ್ಲ ಎಂದು ನನಗೇ ಗೊತ್ತಿತ್ತು. ಕರ್ನಲ್ "ಓಹೋ" ಎಂದು ಪಿಸ್ತೂಲನ್ನು ಕೆಳಗಿಟ್ಟರು. ಮುಂದೆ ಎಷ್ಟು ಜನ ಬಂದು ಕೇಳಿದರೂ ನಿಮ್ಮಜ್ಜನದು ಅದೇ ಸಮುದ್ರ, ಅದೇ ಉಪ್ಪು. ನಾನು ಕಡುಬು ಬಡಿಸುತ್ತಾ ಅದನ್ನು ಕೇಳುತ್ತಿದ್ದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ಪಾತ್ರೆಯಿಂದ ಅವರ ತಟ್ಟೆಗೆ ಒಂದು ಕಡುಬು ಹೆಚ್ಚು ಬೀಳುತ್ತಿತ್ತು, ಅಷ್ಟೇ.

ಈಗ ಕಳೆದ ಚಳಿಗಾಲಕ್ಕೆ ಬರುತ್ತೇನೆ. ಕಾಫಿ ಪಿಕ್ಕಿಂಗ್ ನಡೆಯುತ್ತಿತ್ತು. ನೀವಿಬ್ಬರೂ ಕಾಲೇಜಿಗೆ ಹೋಗಿದ್ದಿರಿ. ಯಾವ ಪಿಸ್ತೂಲು ಕೊಡುವುದು ಎಂದು ತೀರ್ಮಾನಿಸಲು ನಿಮ್ಮಪ್ಪ ಕರ್ನಲ್ ಅವರನ್ನು ಕರೆಸಿದ. ಮೂರನ್ನೂ ಹಜಾರದ ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾನು ಕಾಫಿ ತಂದಿಟ್ಟು ಒಳಗೆ ಹೋಗದೆ ಬಾಗಿಲ ಬಳಿ ನಿಂತೆ.

"ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಎಂಥ ಉಂಟು?" ಎಂದರು ಕರ್ನಲ್. "ಉದ್ದಮೂಗಿ ಇಟ್ಕೋ. ಚಪ್ಪಟೆ ಇಟ್ಕೋ. ಈ ಬಿಳಿ ಮುದುಕನನ್ನ ಕೊಟ್ಟುಬಿಡು. ಕಲೆಕ್ಟರ್ಸ್ ಯಾರೂ ಮುಟ್ಟಲ್ಲ ಇದನ್ನ. ಸ್ಟೇಷನ್‌ಗೆ ಒಪ್ಪಿಸಿದ್ರೆ ಅವ್ರು ಕರಗಿಸ್ತಾರೆ, ಮುಗೀತು."

"ಆತ್. ನಾಳೆಯೇ ಒಪ್ಪಿಸಿ ಬನ್ನೆ" ಎಂದ ನಿಮ್ಮಪ್ಪ. ಅವನ ತಪ್ಪೇನೂ ಇಲ್ಲ. ಅವನಿಗೂ ಸಮುದ್ರದ ಕಥೆಯೇ ಗೊತ್ತಿದ್ದದ್ದು.

ಕರಗಿಸುತ್ತಾರೆ ಎನ್ನುವ ಮಾತು ನನ್ನ ಕಿವಿಯಲ್ಲೇ ನಿಂತಿತು. ಪದ್ಯ ಹೇಳಲು ನಿಲ್ಲಿಸಿದಾಗಿನ ಹಾಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದೆ, ಬಿಚ್ಚಿದೆ. ಕರ್ನಲ್ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. ಇನ್ನೊಂದು ನಿಮಿಷ ಬಿಟ್ಟರೆ ಅವರು ಎದ್ದು ಹೋಗುತ್ತಾರೆ.

"ಅದು ಉಪ್ಪಲ್ಲ" ಎಂದೆ.

ಇಬ್ಬರೂ ತಿರುಗಿ ನೋಡಿದರು. ನಾನು ಗಂಡಸರ ಮಾತಿನ ನಡುವೆ ಬಾಯಿ ಹಾಕಿದ್ದನ್ನು ಆ ಹಜಾರ ಅದುವರೆಗೆ ಕಂಡಿರಲಿಲ್ಲ.

"ಎಂತ ಅವ್ವ?" ಎಂದ ನಿಮ್ಮಪ್ಪ.

"ಸಮುದ್ರದ ಉಪ್ಪಲ್ಲ ಅದು. ಕಾಚಂಪುಳಿ. ನಾನೇ ತೊಳೆದದ್ದು. ಕೊಡುದು ಬೊಡ." ಒಂದೇ ಉಸಿರಿಗೆ ಹೇಳಿ ಗೋಡೆ ಹಿಡಿದುಕೊಂಡೆ. ಸಾಲಾಗಿ ನಿಲ್ಲಿಸಿ ಹೊಡೆಯಬೇಕು ಎಂದಿದ್ದವರ ಎದುರಿಗೆ ಹೇಳಿದ್ದೆನಲ್ಲ.

ಕರ್ನಲ್ ಅವರ ಹೊಟ್ಟೆ ಕುಣಿಯಲು ಶುರುವಾಯಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಜಾನಕಮ್ಮ, ನಾನು ಕೊಡವ! ಹಂದಿ ಸಾರಿಗೆ ಹಾಕುವ ಹುಳಿ ಮಾಡಿದ ಕೆಲಸ ನನಗೆ ಗೊತ್ತಾಗಲ್ವಾ? ನಮ್ಮ ಮನೇಲಿ ನನ್ನ ಅವ್ವ ಇದೇ ಹುಳಿ ಹಾಕಿ ನನ್ನ ಮೆಡಲ್ ತೊಳ್ದು ಅದರ ಅಕ್ಷರ ಎಲ್ಲ ಅಳಿಸಿಬಿಟ್ಟಿದ್ದಾರೆ. ನಿಮ್ಮೆಜಮಾನ್ರು ಉಪ್ಪು ಅಂದಾಗ್ಲೇ ಗೊತ್ತಾಯ್ತು. ಆದ್ರೆ ಪಾಪ, ಜನ್ಮದಲ್ಲಿ ಒಂದು ಸುಳ್ಳು ಹೇಳ್ತಿದ್ದಾನೆ, ಹೇಳಿಕೊಳ್ಳಲಿ ಅಂತ ಬಿಟ್ಟೆ."

ನಿಮ್ಮಪ್ಪನ ಮುಖ ನೋಡಬೇಕಿತ್ತು. "ಅವ್ವ, ಮತ್ತೆ ಇಷ್ಟ್ ವರ್ಷ ಯಾಕೆ ಹೇಳ್ತಿಲ್ಲೆ?"

"ಯಾರ್ ಕೇಳಿದ?" ಎಂದೆ.

ದಾರಿ ತೋರಿಸಿದ್ದೂ ಕರ್ನಲ್ ಅವರೇ. "ಇವನ ಹೆಸರಲ್ಲಿ ಎರಡು. ಮೂರನೇದು ನಿಮ್ಮ ಹೆಸರಲ್ಲಿ ಮಾಡಿಸಿ. ಯಾಕೆ ಆಗ್ಬಾರ್ದು? ಆದ್ರೆ ಒಂದು. ಆಫೀಸಿಗೆ ನೀವೇ ಹೋಗ್ಬೇಕು, ನೀವೇ ಮಾತಾಡ್ಬೇಕು." ಎರಡನೇ ಸಲ ಪಾಯಸ ಕೇಳದವಳು ಮಡಿಕೇರಿಗೆ ಹೋಗಿ ಸರ್ಕಾರದ ಬಳಿ ಪಿಸ್ತೂಲು ಕೇಳಬೇಕು!

ಮೊದಲು ಡಾಕ್ಟರ ಸರ್ಟಿಫಿಕೇಟು. ತಲೆ ಸರಿಯಿದೆಯೇ, ಕಣ್ಣು ಕಾಣುತ್ತದೆಯೇ ಎಂದು ನೋಡಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ಅಜ್ಜಿ, ಸೊಸೆ ಮೇಲೆ ಏನಾದ್ರೂ ಕೋಪ ಇದ್ಯಾ?" ಎಂದು ಕೇಳಿದರು. ನಿಮ್ಮಮ್ಮ ಪಕ್ಕದಲ್ಲೇ ಕುಳಿತು ಬಿದ್ದು ಬಿದ್ದು ನಕ್ಕಳು. ಆಮೇಲೆ ಪೊಲೀಸಿನವರೊಬ್ಬರು ಮನೆಗೆ ಬಂದು ವಿಚಾರಿಸಿ, ಎರಡು ಲೋಟ ಕಾಫಿ ಕುಡಿದು ಹೋದರು. ಹಾಗೆ ಮೂರು ನಾಲ್ಕು ಸಲ ಓಡಾಡಿದ ಮೇಲೆ ಆಫೀಸಿನಲ್ಲಿ ದೊಡ್ಡ ಮೇಜಿನ ಹಿಂದೆ ಕುಳಿತ ಅಧಿಕಾರಿಯ ಮುಂದೆ ನನ್ನನ್ನು ಕೂರಿಸಿದರು. ಅವರು ಫಾರಂ ತಿರುಗಿಸಿ, ಕನ್ನಡಕದ ಮೇಲಿಂದ ನೋಡಿ, "ಇಲ್ಲಿ ಕಾರಣ ಖಾಲಿ ಬಿಟ್ಟಿದ್ದೀರಲ್ಲ ಅಜ್ಜಿ. ಯಾವ ಉದ್ದೇಶಕ್ಕೆ ಬೇಕು? ಆತ್ಮರಕ್ಷಣೆಗಾ, ಬೆಳೆ ರಕ್ಷಣೆಗಾ?" ಎಂದರು.

ನಾನು ಬರುವ ದಾರಿಯುದ್ದಕ್ಕೂ ಇದನ್ನೇ ಯೋಚಿಸಿಕೊಂಡು ಬಂದಿದ್ದೆ. ಒಂದೂ ಸರಿಯಾಗಿ ಹೊಂದಿರಲಿಲ್ಲ. ನಿಮ್ಮಪ್ಪ ಬಾಯಿ ತೆರೆಯಲು ಹೋದ; ಅವನನ್ನು ತಡೆದೆ.

"ಒರೆಸ್ಲಿಕ್ಕೆ ಸಾರ್" ಎಂದೆ.

"ಏನಂದ್ರಿ?"

"ಭಾನುವಾರ ಕೂತ್ಕೊಂಡು ಒರೆಸ್ಲಿಕ್ಕೆ. ಬೇರೆ ಎಂಥಕ್ಕೂ ಅಲ್ಲ. ಗುಂಡು ಬೇಡ ನನಗೆ."

ಪಕ್ಕದ ಮೇಜಿನ ಗುಮಾಸ್ತರು ನಕ್ಕರು. ಅಧಿಕಾರಿ ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು. "ನಮ್ಮ ಮನೇಲಿ ನಮ್ಮಪ್ಪನ ಒಂದು ರೇಡಿಯೋ ಉಂಟು ಅಜ್ಜಿ. ಹಾಡಲ್ಲ. ಅಮ್ಮ ದಿನಾ ಒರೆಸ್ತಾರೆ" ಎಂದರು. ಆಮೇಲೆ ಖಾಲಿ ಜಾಗದಲ್ಲಿ 'ಕುಟುಂಬದ ಪಾರಂಪರಿಕ ವಸ್ತು' ಎಂದು ತಾವೇ ಬರೆದು ಫಾರಂ ನನ್ನ ಕಡೆ ತಳ್ಳಿದರು. ನಾನು ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ಸಹಿ ಹಾಕಿದೆ. ಎರಡು ತಿಂಗಳಿಗೆ ಲೈಸೆನ್ಸಿನ ಪುಸ್ತಕ ಬಂತು. ಅದರಲ್ಲಿ ನನ್ನ ಫೋಟೋ ಇದೆ. ಲಿಖಿತ್ ಅದನ್ನು ಮೊಬೈಲಿನಲ್ಲಿ ಸ್ನೇಹಿತರಿಗೆಲ್ಲ ಕಳಿಸಿದ್ದಾನೆ ಎಂದು ನನಗೆ ಗೊತ್ತು.

ಈಗ ಅದು ನನ್ನದು. ಭಾನುವಾರ ಒರೆಸುತ್ತೇನೆ. ಕೈ ಖಾಲಿಯಿಲ್ಲದ್ದರಿಂದ ಮಾತೂ ಬರುತ್ತದೆ. ಕಾಫಿಗೆ ಈ ವರ್ಷ ಹೂಮಳೆ ಸರಿಯಾಗಿ ಬಿತ್ತು ಎಂದೋ, ದೀಕ್ಷಾ ಸ್ಕೂಟರ್ ಕಲಿತಳು ಎಂದೋ ಹೇಳುತ್ತೇನೆ. ನೀವು ಯಾರಾದರೂ ಎದ್ದು ಬಂದು ಅಜ್ಜಿ ತನ್ನಷ್ಟಕ್ಕೆ ಮಾತಾಡುತ್ತಿದ್ದಾಳೆ ಎಂದು ಕಂಡರೆ ಹೆದರಬೇಡಿ. ಡಾಕ್ಟರ ಸರ್ಟಿಫಿಕೇಟು ಇದೆ.

ನನ್ನ ಕಾಲ ಮುಗಿದ ಮೇಲೆ ಆ ಪ್ರಶ್ನೆ ಮತ್ತೆ ಬರುತ್ತದೆ. ಪುಸ್ತಕ ನನ್ನ ಹೆಸರಿನಲ್ಲಿದೆ. ಆಗ ಯಾರಾದರೂ ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿ ಯಾಕೆ ಬೇಕು ಎಂದು ಕೇಳುತ್ತಾರೆ. ಬೇಡವೆನ್ನಿಸಿದರೆ ಸಂತೋಷವಾಗಿ ಒಪ್ಪಿಸಿ ಬನ್ನಿ, ನನಗೆ ಬೇಸರವಿಲ್ಲ. ಆದರೆ ಬಿಳಿಚಿಕೊಂಡದ್ದು ಎಂಬ ಕಾರಣಕ್ಕೆ ಕೊಡಬೇಡಿ. ಆ ಫಾರಮ್ಮಿನಲ್ಲಿ ಕಾರಣಕ್ಕೆ ಬಿಟ್ಟ ಜಾಗ ಎರಡು ಬೆರಳಿನಷ್ಟು ಅಗಲ. ಅಲ್ಲಿ ಹಿಡಿಸದೇ ಉಳಿದದ್ದನ್ನು ನಾನು ನಿಮ್ಮ ಹಳೆಯ ನೋಟುಪುಸ್ತಕದಿಂದ ಹರಿದ ಈ ಹಾಳೆಗಳಲ್ಲಿ ಬರೆದಿದ್ದೇನೆ. ಇವನ್ನು ಆ ಲೈಸೆನ್ಸಿನ ಪುಸ್ತಕದೊಳಗೇ ಮಡಚಿಡಿ, ಎಣ್ಣೆ ತಾಗದ ಹಾಗೆ. ಕಳೆಯಬೇಡಿ, ಮಕ್ಕಳೇ.